‘ಯಾವ ಇಂಡಿಕೇಟರ್ ಚಲೋ ಅಣ್ಣಾ?’ ಎಂದು ಕೇಳುವ ಹಚ್ಚೊಳ್ಳಿ ಸೀಮೆಯ ಗೆಳೆಯರಿಗೆ



ಹಚ್ಚೊಳ್ಳಿ, ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು, ಅತ್ತ ಬಳ್ಳಾರಿಯವರೆಗೆ ಬೆಳಿಗ್ಗೆ 9.15ಕ್ಕೆ ಮೊಬೈಲ್ ತೆಗೆದು ಚಾರ್ಟಿನ ಮುಂದೆ ಕೂರುವ ನಿಮ್ಮೆಲ್ಲರಿಗೂ ಈ ಪತ್ರ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಮದುವೆ ಮನೆಯಲ್ಲಿ ಸಿಕ್ಕರೂ ನೀವು ನನ್ನನ್ನು ಕೇಳುವುದು ಒಂದೇ ಮಾತು: “ಇಂಟ್ರಾಡೇಗೆ ಯಾವ ಇಂಡಿಕೇಟರ್ ಹಾಕಬೇಕು ಅಣ್ಣಾ?” ಅದು ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ರೈಸ್ ಮಿಲ್ಲಿನ ಲೆಕ್ಕಪತ್ರ ಬರೆಯುತ್ತಲೇ ಶೇರುಪೇಟೆಯನ್ನೂ ನೋಡಿಕೊಂಡು ಬಂದವನು ನಾನು. ಲೆಕ್ಕದ ಕಡೆಯಿಂದಲೇ ಉತ್ತರ ಹೇಳುತ್ತೇನೆ.

ಆರ್‌ಎಸ್‌ಐ, ಎಂಎಸಿಡಿ, ಬೋಲಿಂಜರ್ ಬ್ಯಾಂಡ್, ಸೂಪರ್‌ಟ್ರೆಂಡ್, ಸ್ಟೊಕಾಸ್ಟಿಕ್ ಎಂದು ಒಂದೊಂದಾಗಿ ಹೆಸರು ಹೇಳುವಾಗ ಇವೆಲ್ಲ ಬೇರೆ ಬೇರೆ ವಿದ್ಯೆ ಅನ್ನಿಸುತ್ತದೆ. ಹಾಗಲ್ಲ. ಇವುಗಳ ಮೂಲ ಸರಕು ಒಂದೇ: ಆಗಿಹೋದ ದರ. ವೆಲ್ಸ್ ವೈಲ್ಡರ್ ಎಂಬ ಅಮೆರಿಕದ ಎಂಜಿನಿಯರ್ 1978ರಲ್ಲಿ ಬರೆದ ಒಂದೇ ಪುಸ್ತಕದಲ್ಲಿ ಆರ್‌ಎಸ್‌ಐ, ಎಟಿಆರ್, ಎಡಿಎಕ್ಸ್, ಪ್ಯಾರಾಬೋಲಿಕ್ ಎಸ್‌ಎಆರ್ ನಾಲ್ಕೂ ಇದ್ದವು. ಆಗ ಮನೆಮನೆಗೆ ಕಂಪ್ಯೂಟರ್ ಇರಲಿಲ್ಲ. ದಿನಕ್ಕೊಂದು ದರ ಹಾಳೆಯ ಮೇಲೆ ಬರೆದು, ಕೈಲೆಕ್ಕದಲ್ಲಿ ಹಾಕುವಂತೆ ಅವನು ಸೂತ್ರ ಕಟ್ಟಿದ. ಹದಿನಾಲ್ಕು ಎಂದರೆ ಅವನಿಗೆ ಹದಿನಾಲ್ಕು ದಿನ. ನೀವು ಅದೇ ಹದಿನಾಲ್ಕನ್ನು ಐದು ನಿಮಿಷದ ಕ್ಯಾಂಡಲ್ಲಿಗೆ ಹಾಕುತ್ತೀರಿ, ಒಂದು ನಿಮಿಷಕ್ಕೂ ಹಾಕುತ್ತೀರಿ. ಆ್ಯಪ್ ಬೇಡ ಅನ್ನುವುದಿಲ್ಲ.

ಇದರಿಂದ ಏನಾಗುತ್ತದೆ ಎಂಬುದನ್ನು ಬೆಳಗಿನ ಚಾರ್ಟಿನಲ್ಲೇ ತೋರಿಸುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಬಹಳ ಜನ ದುಡ್ಡು ಕಳೆಯುವ ಹೊತ್ತು ಅದೇ. ಪೇಟೆ 9.15ಕ್ಕೆ ತೆರೆಯುತ್ತದೆ. 9.30ಕ್ಕೆ ಐದು ನಿಮಿಷದ ಚಾರ್ಟಿನಲ್ಲಿ ಇವತ್ತಿನವು ಮೂರೇ ಕ್ಯಾಂಡಲ್. 14ರ ಆರ್‌ಎಸ್‌ಐಗೆ ಉಳಿದ ಹನ್ನೊಂದು ನಿನ್ನೆ ಮಧ್ಯಾಹ್ನದವು. ರಾತ್ರಿ ಅಮೆರಿಕದಲ್ಲಿ ಏನೋ ಆಗಿ ಬೆಳಿಗ್ಗೆ ದರ ಮೇಲಕ್ಕೆ ಗ್ಯಾಪ್‌ನಲ್ಲಿ ತೆರೆದಿದ್ದರೆ, ಆ ಒಂದು ಜಿಗಿತವೇ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗುತ್ತದೆ. ಆರ್‌ಎಸ್‌ಐ 78 ತೋರಿಸುತ್ತದೆ. “ಓವರ್‌ಬಾಟ್ ಆಗ್ಯದ, ಇಳೀತದ” ಎಂದು ನೀವು ಶಾರ್ಟ್ ಮಾಡುತ್ತೀರಿ. ಆ 78ರಲ್ಲಿ ಪೇಟೆ ತೆರೆದ ಮೇಲಿನ ವ್ಯಾಪಾರದ ಸುದ್ದಿ ಇರುವುದು ಬಹಳ ಕಡಿಮೆ. ಹದಿನಾಲ್ಕೂ ಕ್ಯಾಂಡಲ್ ಇವತ್ತಿನವೇ ಆಗಬೇಕೆಂದರೆ 10.25 ಆಗಬೇಕು. ಎಂಎಸಿಡಿಯ 26ಕ್ಕೆ 11.25. ಇನ್ನು 200ರ ಮೂವಿಂಗ್ ಆವರೇಜ್ ಹಾಕುವವರಿದ್ದೀರಿ; ದಿನಕ್ಕೆ ಐದು ನಿಮಿಷದವು 75 ಕ್ಯಾಂಡಲ್ ಆದ್ದರಿಂದ ಅದು ಸುಮಾರು ಎರಡೂಮುಕ್ಕಾಲು ದಿನದ ಸರಾಸರಿ ಅಷ್ಟೇ. ದೊಡ್ಡ ದೊಡ್ಡ ಫಂಡುಗಳು ನೋಡುವ ಇನ್ನೂರು ದಿನದ ಸರಾಸರಿಗೂ ಇದಕ್ಕೂ ಹೆಸರು ಒಂದೇ, ಸಂಬಂಧವಿಲ್ಲ.

ಇನ್ನೊಂದು. ಕ್ಯಾಂಡಲ್ ಮುಗಿಯುವವರೆಗೆ ಇಂಡಿಕೇಟರಿನ ಕೊನೆಯ ಅಂಕಿ ಅಲ್ಲಾಡುತ್ತಲೇ ಇರುತ್ತದೆ. 9.42ಕ್ಕೆ ಕಂಡ ಸಿಗ್ನಲ್ 9.45ಕ್ಕೆ ಇಲ್ಲದೆಯೂ ಹೋಗಬಹುದು. ಸಂಜೆ ಚಾರ್ಟ್ ನೋಡಿ “ಎಷ್ಟು ಚೆಂದ ಕೆಲಸ ಮಾಡ್ಯದ ನೋಡು” ಅನ್ನುವಾಗ ನಿಮ್ಮ ಕಣ್ಣಿಗೆ ಬೀಳುವುದು ಉಳಿದುಕೊಂಡ ಸಿಗ್ನಲ್ಲುಗಳು ಮಾತ್ರ. ಮೂಡಿ ಅಳಿಸಿಹೋದವು ಚಾರ್ಟಿನಲ್ಲಿ ಉಳಿಯುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ನೇರ ಬರೋಣ. ಇಂಡಿಕೇಟರ್ ಆರಿಸುವಾಗ ಮೊದಲು ಕೇಳಬೇಕಾದ್ದು ‘ಇದು ಯಾವುದನ್ನು ಅಳೆಯುತ್ತದೆ?’ ಎಂದು. ಆರ್‌ಎಸ್‌ಐ, ಸ್ಟೊಕಾಸ್ಟಿಕ್, ವಿಲಿಯಮ್ಸ್ ಆರ್, ಸಿಸಿಐ ನಾಲ್ಕೂ ಒಂದೇ ಮನೆತನದವು. ದರದ ಓಟದ ಬಿರುಸು ಅಳೆಯುತ್ತವೆ. ಮೂವಿಂಗ್ ಆವರೇಜ್, ಎಂಎಸಿಡಿ, ಸೂಪರ್‌ಟ್ರೆಂಡ್ ಇನ್ನೊಂದು ಮನೆತನ. ದರ ಯಾವ ದಿಕ್ಕಿಗೆ ಹೊರಟಿದೆ ಎಂದು ಹೇಳುತ್ತವೆ, ಅದೂ ಹೊರಟ ಮೇಲೆ. ಎಟಿಆರ್ ಮತ್ತು ಬೋಲಿಂಜರ್ ಬ್ಯಾಂಡಿನ ಅಗಲ ಮೂರನೆಯದು. ದರ ಎಷ್ಟು ದೂರ ಅಲ್ಲಾಡುತ್ತದೆ ಎಂಬ ಅಳತೆ. ವಾಲ್ಯೂಮ್ ಮತ್ತು ವಿವ್ಯಾಪ್ ನಾಲ್ಕನೆಯದು. ಎಷ್ಟು ಸರಕು, ಸರಾಸರಿ ಯಾವ ದರಕ್ಕೆ ಕೈ ಬದಲಾಯಿಸಿತು ಎಂಬುದು. ಆರ್‌ಎಸ್‌ಐ, ಸ್ಟೊಕಾಸ್ಟಿಕ್, ಸಿಸಿಐ ಮೂರೂ ಹಾಕಿ “ಮೂರೂ ಬೈ ಕೊಟ್ಟಾವು” ಅನ್ನುವುದು, ಒಬ್ಬನೇ ದಲಾಲಿಯನ್ನು ಮೂರು ಸಲ ಭತ್ತದ ದರ ಕೇಳಿ ಮೂರು ಅಂಗಡಿ ವಿಚಾರಿಸಿ ಬಂದೆ ಅಂದಂತೆ. ಒಂದು ಮನೆತನದಿಂದ ಒಂದೇ ಸಾಕು.

ಶೇರಿನಲ್ಲಿ ಇಂಟ್ರಾಡೇ ಮಾಡಲೇಬೇಕೆಂಬ ಹಟ ಇದ್ದವರಿಗೆ ನಾನು ಹೇಳುವುದು ಇಷ್ಟು: ವಿವ್ಯಾಪ್, ವಾಲ್ಯೂಮ್, ಎಟಿಆರ್, ಜೊತೆಗೆ ಒಂದು ಗಂಟೆಯ ಚಾರ್ಟಿನಲ್ಲಿ ಒಂದು ಮೂವಿಂಗ್ ಆವರೇಜ್. ವಿವ್ಯಾಪ್ ಪ್ರತಿದಿನ ಬೆಳಿಗ್ಗೆ ಹೊಸದಾಗಿ ಶುರುವಾಗುತ್ತದೆ, ನಿನ್ನೆಯ ಹೊರೆ ಇರುವುದಿಲ್ಲ. ಇವತ್ತು ಕೊಂಡವರೆಲ್ಲರ ಸರಾಸರಿ ದರ ಅದು. ಆದರೆ ನಿಫ್ಟಿ ಸೂಚ್ಯಂಕದ ಚಾರ್ಟಿಗೆ ವಿವ್ಯಾಪ್ ಹಾಕಬೇಡಿ. ಸೂಚ್ಯಂಕವೆಂಬುದು ಯಾರೂ ಕೊಂಡು ಮಾರುವ ಸರಕಲ್ಲ, ಅದಕ್ಕೆ ಸ್ವಂತ ವಾಲ್ಯೂಮ್ ಇಲ್ಲ. ಫ್ಯೂಚರ್ಸ್ ಚಾರ್ಟಿನಲ್ಲಿ ಹಾಕಿದರೆ ಅರ್ಥವಿದೆ. ಆರ್‌ಎಸ್‌ಐ ಬೇಕೇ ಬೇಕು ಅನ್ನುವವರು, ದರ ಜೋರಾಗಿ ಏರುತ್ತಿರುವಾಗ ಅದು ದಿನಗಟ್ಟಲೆ 70ರ ಮೇಲೆಯೇ ಕೂರಬಲ್ಲದು ಎಂಬುದನ್ನು ಬರೆದಿಟ್ಟುಕೊಳ್ಳಿ. 70 ಮುಟ್ಟಿದ್ದು ಮಾರು ಎಂಬ ಅಪ್ಪಣೆಯಲ್ಲ.

ಈ ನಾಲ್ಕರಲ್ಲಿ ನಿಮ್ಮ ಗಮನಕ್ಕೆ ಬಾರದೇ ಉಳಿದದ್ದು ಎಟಿಆರ್. ಅದು ಕೊಳ್ಳು ಅನ್ನುವುದಿಲ್ಲ, ಮಾರು ಅನ್ನುವುದಿಲ್ಲ. ಅದಕ್ಕೇ ವಿಡಿಯೊಗಳಲ್ಲಿ ಅದರ ಮಾತು ಕಡಿಮೆ. ಅದು ಹೇಳುವುದು ‘ಎಷ್ಟು ಶೇರು’ ಎಂದು. ಒಂದು ಉದಾಹರಣೆ ಹಾಕೋಣ. ಶೇರಿನ ದರ 500 ರೂಪಾಯಿ, ಐದು ನಿಮಿಷದ ಎಟಿಆರ್ 2 ರೂಪಾಯಿ. ಸ್ಟಾಪ್‌ಲಾಸನ್ನು ಅದರ ಒಂದೂವರೆ ಪಟ್ಟು, ಅಂದರೆ 3 ರೂಪಾಯಿ ಕೆಳಗೆ ಇಡುತ್ತೀರಿ ಅನ್ನಿ. ಅದಕ್ಕಿಂತ ಹತ್ತಿರ ಇಟ್ಟರೆ ಮಾಮೂಲಿ ಅಲುಗಾಟವೇ ನಿಮ್ಮನ್ನು ಹೊರಗೆ ಹಾಕುತ್ತದೆ. ಖಾತೆಯಲ್ಲಿರುವುದು 20,000 ರೂಪಾಯಿ. ಒಂದು ಟ್ರೇಡಿನಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಹೋಗಬಾರದು ಎಂದರೆ 200 ರೂಪಾಯಿ. ಇನ್ನೂರನ್ನು ಮೂರರಿಂದ ಭಾಗಿಸಿ: 66 ಶೇರು. ನೀವು ತಗೊಳ್ಳುವುದು ಎಷ್ಟು? ಬ್ರೋಕರ್ ಐದು ಪಟ್ಟು ಮಾರ್ಜಿನ್ ಕೊಡುತ್ತಾನೆಂದು 200 ಶೇರು. ಆ್ಯಪ್ ಕೊಟ್ಟ ಮಿತಿಯನ್ನೇ ನೀವು ಪ್ರಮಾಣ ಅಂದುಕೊಂಡಿದ್ದೀರಿ. ಮೂರು ದಿನ ಚೆನ್ನಾಗಿ ನಡೆದು ನಾಲ್ಕನೆಯ ದಿನ ಖಾತೆ ಅರ್ಧಕ್ಕೆ ಇಳಿಯುವುದಕ್ಕೆ ಕಾರಣ ಬಹುಮಟ್ಟಿಗೆ ಈ 66 ಮತ್ತು 200ರ ನಡುವಿನ ಅಂತರ. ಇಂಡಿಕೇಟರ್ ಬದಲಾಯಿಸಿದರೆ ಅದು ಸರಿಹೋಗುವುದಿಲ್ಲ.

ಈಗ ಖರ್ಚಿನ ಲೆಕ್ಕ. ಆ 200 ಶೇರು, ಅಂದರೆ 1 ಲಕ್ಷ ರೂಪಾಯಿಯ ಖರೀದಿ, ಅದೇ ದಿನ ಮಾರಾಟ. ಆರ್ಡರಿಗೆ 20 ರೂಪಾಯಿ ತಗೊಳ್ಳುವ ಬ್ರೋಕರ್ ಆದರೆ ಎರಡೂ ಕಡೆ ಸೇರಿ 40. ಮಾರುವಾಗ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ಶೇಕಡಾ 0.025, ಅಂದರೆ 25. ಎಕ್ಸ್‌ಚೇಂಜ್ ಶುಲ್ಕ ಸುಮಾರು 6, ಸ್ಟಾಂಪ್ ಡ್ಯೂಟಿ 3, ಬ್ರೋಕರೇಜು ಮತ್ತು ಶುಲ್ಕದ ಮೇಲೆ ಶೇಕಡಾ 18ರ ಜಿಎಸ್‌ಟಿ ಸುಮಾರು 8. ಒಟ್ಟು 82 ರೂಪಾಯಿ. ಒಂದು ಟ್ರೇಡಿಗೆ 82 ಅಂದರೆ ಯಾರಿಗೂ ಭಾರ ಅನ್ನಿಸುವುದಿಲ್ಲ. ದಿನಕ್ಕೆ ಐದು ಟ್ರೇಡ್ ಮಾಡಿ, ತಿಂಗಳಿಗೆ ಇಪ್ಪತ್ತು ದಿನ ಮಾಡಿ: 8,200 ರೂಪಾಯಿ. ನಿಮ್ಮ ಬಂಡವಾಳ 20,000. ಶೇಕಡಾ 41 ಬರೀ ಖರ್ಚಿಗೇ ಹೋಯಿತು, ಅದೂ ಒಂದೇ ತಿಂಗಳಲ್ಲಿ, ಪೇಟೆ ಏರಲಿ ಇಳಿಯಲಿ. ಊರಲ್ಲಿ ಯಾವ ಬಡ್ಡಿ ಸಾಹುಕಾರನೂ ತಿಂಗಳಿಗೆ ಇಷ್ಟು ಕೇಳುವುದಿಲ್ಲ.

66 ಶೇರಿಗೂ ಹಾಕಿ ನೋಡಿ. ಆರ್ಡರಿನ ಶೇಕಡಾ 0.03ರಷ್ಟು ಬ್ರೋಕರೇಜ್ ಹಿಡಿದರೆ ಎಲ್ಲಾ ಸೇರಿ ಸುಮಾರು 35 ರೂಪಾಯಿ. ಮೂರು ರೂಪಾಯಿ ಲಾಭಕ್ಕೆ ಮಾರಿದರೆ 198ರಲ್ಲಿ 35 ಕಳೆದು 163 ಕೈಗೆ. ಮೂರು ರೂಪಾಯಿ ನಷ್ಟವಾದರೆ 198ಕ್ಕೆ 35 ಸೇರಿ 233 ಹೋಗುತ್ತದೆ. ಹೀಗೆ ಲಾಭ ನಷ್ಟದ ದೂರ ಸಮವಿದ್ದಾಗ ನೂರು ಟ್ರೇಡಿನಲ್ಲಿ 59 ಗೆದ್ದರೆ ನಿಮ್ಮ ಅಸಲು ಉಳಿಯಿತು, ಅಷ್ಟೇ. ‘ಈ ಇಂಡಿಕೇಟರ್ ಶೇಕಡಾ 55 ಸಲ ಸರಿ’ ಎಂದು ಯಾರಾದರೂ ಸಾಬೀತು ಮಾಡಿ ತೋರಿಸಿದರೂ ಅದು ನಿಮ್ಮನ್ನು ನಷ್ಟದಲ್ಲೇ ಇಡುತ್ತದೆ. ಲಾಭದ ದೂರ ನಷ್ಟದ ದೂರಕ್ಕಿಂತ ದೊಡ್ಡದಾಗಬೇಕು, ಇಲ್ಲವೇ ಟ್ರೇಡುಗಳ ಸಂಖ್ಯೆ ಕಡಿಮೆಯಾಗಬೇಕು. ಎರಡೂ ಆದರೆ ಒಳ್ಳೆಯದು.

ಅದಕ್ಕೇ ನನ್ನ ಅಭಿಪ್ರಾಯ ಇದು: ಇಂಡಿಕೇಟರಿಗಿಂತ ಮೊದಲು ಕಾಲಾವಧಿ ಆರಿಸಿ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಬೆಳಿಗ್ಗೆ ಗದ್ದೆಗೆ ನೀರು ಕಟ್ಟುವುದಿದೆ, ಟ್ರ್ಯಾಕ್ಟರ್ ಬಾಡಿಗೆಗೆ ಹೋಗುವುದಿದೆ, ಅಂಗಡಿ ನೋಡುವುದಿದೆ. ಐದು ನಿಮಿಷದ ಚಾರ್ಟ್ ಇವಕ್ಕೆ ಹೊಂದುವುದಿಲ್ಲ. ಕೆಲದಿನದಿಂದ ಎರಡು ಮೂರು ವಾರ ಇಟ್ಟುಕೊಳ್ಳುವ ಡೆಲಿವರಿ ವ್ಯಾಪಾರ, ದಿನದ ಚಾರ್ಟು, ಸಂಜೆ ಪೇಟೆ ಮುಚ್ಚಿದ ಮೇಲೆ ಅರ್ಧ ಗಂಟೆಯ ಕೆಲಸ ಹೊಂದುತ್ತದೆ. ಅಲ್ಲಿ 20 ದಿನದ ಮತ್ತು 50 ದಿನದ ಸರಾಸರಿ, ದಿನದ ಎಟಿಆರ್, ವಾಲ್ಯೂಮ್, ಬೇಕಾದರೆ ಒಂದು ಆರ್‌ಎಸ್‌ಐ. ಡೆಲಿವರಿಯಲ್ಲಿ ಎಸ್‌ಟಿಟಿ ಎರಡೂ ಕಡೆ ಶೇಕಡಾ 0.1 ಬೀಳುತ್ತದೆ, ಆದರೆ ನೀವು ಹುಡುಕುವುದು ಮೂರು ರೂಪಾಯಿಯ ಬದಲು ಮೂವತ್ತು ರೂಪಾಯಿಯ ನಡೆ. ವೈಲ್ಡರ್ ತನ್ನ ಸೂತ್ರ ಕಟ್ಟಿದ್ದೂ ಇಂಥ ದಿನದ ದರಕ್ಕೇ.

ಸೆಟ್ಟಿಂಗ್ ವಿಷಯಕ್ಕೆ ಬಂದರೆ, “14ರ ಬದಲು 9 ಹಾಕಿದ್ರ ಮಸ್ತ್ ಬರ್ತದ” ಅನ್ನುವವರ ಮಾತಿಗೆ ಕಿವಿಗೊಡುವ ಮೊದಲು ಇದನ್ನು ಕೇಳಿ. ಬ್ರಾಕ್, ಲಾಕೊನಿಶಾಕ್, ಲೆಬಾರನ್ ಎಂಬ ಮೂವರು ವಿದ್ವಾಂಸರು 1992ರಲ್ಲಿ, ಡೌ ಜೋನ್ಸ್ ಸೂಚ್ಯಂಕದ 1897ರಿಂದ 1986ರವರೆಗಿನ ದರಗಳ ಮೇಲೆ ಮೂವಿಂಗ್ ಆವರೇಜಿನಂಥ ಸರಳ ನಿಯಮಗಳನ್ನು ಓಡಿಸಿ, ಅವುಗಳಲ್ಲಿ ಹುರುಳಿದೆ ಎಂದು ತೋರಿಸಿದರು. ಚಾರ್ಟಿನವರಿಗೆ ಹಬ್ಬವಾಯಿತು. 1999ರಲ್ಲಿ ಸಲಿವನ್, ಟಿಮ್ಮರ್‌ಮನ್, ವೈಟ್ ಎಂಬವರು ಸಾವಿರಾರು ನಿಯಮಗಳನ್ನು ಒಟ್ಟಿಗೆ ಇಟ್ಟು ಪರೀಕ್ಷಿಸಿದಾಗ, ಹಳೆಯ ದರಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗೆದ್ದ ನಿಯಮ ಆಮೇಲಿನ ಹತ್ತು ವರ್ಷ ಆ ಗೆಲುವು ತೋರಿಸಲಿಲ್ಲ. ಸಾವಿರ ಸೆಟ್ಟಿಂಗ್ ಓಡಿಸಿದರೆ ಒಂದಾದರೂ ಹಳೆಯ ಚಾರ್ಟಿಗೆ ಸರಿಯಾಗಿ ಕೂತೇ ಕೂರುತ್ತದೆ. ಆದ್ದರಿಂದ ಒಂದು ವರ್ಷದ ದರದ ಮೇಲೆ ನಿಯಮ ಆರಿಸಿ, ನೀವು ನೋಡಿಯೇ ಇರದ ಇನ್ನೊಂದು ವರ್ಷದ ಮೇಲೆ ಓಡಿಸಿ, ಖರ್ಚು ಕಳೆದು ನೋಡಿ. ಅಲ್ಲಿ ನಿಲ್ಲದಿದ್ದರೆ ಬಿಡಿ.

ಆಪ್ಷನ್ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಆಪ್ಷನ್ ಕೊಳ್ಳುವವರು ಇಂಡಿಕೇಟರ್ ನೋಡುವುದು ನಿಫ್ಟಿಯ ಚಾರ್ಟಿನಲ್ಲಿ, ದುಡ್ಡು ಹಾಕುವುದು ಪ್ರೀಮಿಯಮ್ಮಿನಲ್ಲಿ. ನಿಫ್ಟಿ ನಿಮ್ಮ ಆರ್‌ಎಸ್‌ಐ ಹೇಳಿದಂತೆಯೇ ಏರಿದರೂ, ನಿಧಾನಕ್ಕೆ ಏರಿದರೆ ಪ್ರೀಮಿಯಂ ಇಳಿದಿರಬಹುದು. ಹೊತ್ತು ಕಳೆದಂತೆ ಅದರ ಬೆಲೆ ಕರಗುತ್ತದೆ, ಎಕ್ಸ್‌ಪೈರಿ ದಿನವಂತೂ ಗಂಟೆಗಂಟೆಗೆ. ಆ ಕರಗುವಿಕೆಯನ್ನು ತೋರಿಸುವ ಗೆರೆ ನಿಮ್ಮ ಚಾರ್ಟಿನಲ್ಲಿ ಇಲ್ಲ. ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್) ಮಾಡಿದ 1 ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇಕಡಾ 93 ಮಂದಿಗೆ ನಷ್ಟ; ನಷ್ಟವಾದವರಿಗೆ ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತ್ತು. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. 2024–25ರಲ್ಲೂ ಶೇಕಡಾ 91 ಮಂದಿ ಕಳೆದುಕೊಂಡರು. 2024ರ ಆ ಅಧ್ಯಯನದ ಇನ್ನೊಂದು ಸಾಲು ನಿಮ್ಮದೇ ಕಥೆ: 2023–24ರಲ್ಲಿ ವ್ಯಾಪಾರ ಮಾಡಿದವರಲ್ಲಿ ಶೇಕಡಾ 43 ಮಂದಿ ಮೂವತ್ತು ವರ್ಷದೊಳಗಿನವರು, ಶೇಕಡಾ 72ಕ್ಕೂ ಹೆಚ್ಚು ಮಂದಿ ಮೊದಲ ಮೂವತ್ತು ದೊಡ್ಡ ನಗರಗಳ ಆಚೆಯವರು, ಮುಕ್ಕಾಲು ಪಾಲು ಜನ ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯದವರು. ಎದುರು ಕೂತು ಲಾಭ ಮಾಡಿದವರು ಯಾರು? ವಿದೇಶಿ ಹೂಡಿಕೆದಾರರ ಲಾಭದಲ್ಲಿ ಶೇಕಡಾ 97, ಸ್ವಂತ ದುಡ್ಡಿನಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳ ಲಾಭದಲ್ಲಿ ಶೇಕಡಾ 96 ಬಂದದ್ದು ಕಂಪ್ಯೂಟರ್ ನಡೆಸುವ ಆಲ್ಗೊ ವ್ಯಾಪಾರದಿಂದ. ನೀವು ನೋಡುವ ಆರ್‌ಎಸ್‌ಐ ಅವರಿಗೂ ಕಾಣುತ್ತದೆ, ನಿಮ್ಮ ಬೆರಳು ಪರದೆ ಮುಟ್ಟುವ ಬಹಳ ಮೊದಲೇ. ಆಪ್ಷನ್ ಕೊಳ್ಳಬೇಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ನನ್ನನ್ನು ಬಹಳ ದಿನದಿಂದ ಕಾಡುವ ಒಂದು ಸಂಗತಿ ಇದೆ. ನೀವು ನೋಡುವ ಕ್ಯಾಂಡಲ್ ಚಾರ್ಟು ಹುಟ್ಟಿದ್ದು ಅಕ್ಕಿ ವ್ಯಾಪಾರದ ನಾಡಿನಲ್ಲಿ. ಜಪಾನಿನ ಒಸಾಕಾದ ದೋಜಿಮಾ ಅಕ್ಕಿ ಪೇಟೆಗೆ 1730ರಲ್ಲಿ ಅಲ್ಲಿನ ಶೋಗನ್ ಆಡಳಿತ ಅಧಿಕೃತ ಒಪ್ಪಿಗೆ ಕೊಟ್ಟಿತು. ಮುಂದಿನ ತಾರೀಕಿನ ಅಕ್ಕಿಗೆ ಇವತ್ತೇ ದರ ಕಟ್ಟುವ ವ್ಯಾಪಾರ ಅಲ್ಲಿ ನಡೆಯುತ್ತಿತ್ತು. ಸಕಾತಾ ಊರಿನ ಅಕ್ಕಿ ವ್ಯಾಪಾರಿ ಹೊಮ್ಮಾ ಮುನೆಹಿಸಾನೇ ಕ್ಯಾಂಡಲ್ ಕಂಡುಹಿಡಿದನೆಂದು ಹೇಳುವುದು ರೂಢಿ; ಬಲ್ಲವರಿಗೆ ಅದರಲ್ಲಿ ಅನುಮಾನವಿದೆ. ಅದೇನೇ ಇರಲಿ, ಆ ಪೇಟೆಯ ವ್ಯಾಪಾರಿಗೆ ದರದ ಗೆರೆಯ ಜೊತೆ ಬೆಳೆ ಹೇಗಿದೆ, ಉಗ್ರಾಣದಲ್ಲಿ ಎಷ್ಟಿದೆ ಎಂಬುದೂ ಗೊತ್ತಿರುತ್ತಿತ್ತು. ನಮ್ಮ ಸೀಮೆಯೂ ಅಕ್ಕಿಯದೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಅದರ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ಕೊನೆಗೆ ಏನಾಗುತ್ತದೆ ಎಂಬುದು ಮುಂಬೈಯ ಯಾವ ವಿಶ್ಲೇಷಕನಿಗಿಂತ ಮೊದಲು ನಿಮಗೆ ಗೊತ್ತಿತ್ತು. ಸೋನಾ ಮಸೂರಿಯ 75 ಕೆಜಿ ಚೀಲಕ್ಕೆ ಮಿಲ್ಲಿನವರು ಯಾವಾಗ ದರ ಏರಿಸುತ್ತಾರೆ, ಯಾವಾಗ ತೇವದ ನೆಪ ಹೇಳುತ್ತಾರೆ, ಮೆಣಸಿನಕಾಯಿಯನ್ನು ಬ್ಯಾಡಗಿಗೆ ಯಾವ ವಾರ ಒಯ್ಯಬೇಕು ಎಂಬುದೆಲ್ಲ ನಿಮಗೆ ಗೊತ್ತು. ಆದರೆ ಭತ್ತದ ವಾಯಿದಾ ವ್ಯಾಪಾರವನ್ನು ಸೆಬಿ 2021ರ ಡಿಸೆಂಬರಿನಲ್ಲಿ ಇನ್ನಾರು ಸರಕುಗಳ ಜೊತೆ ನಿಲ್ಲಿಸಿ, ಆ ತಡೆಯನ್ನು ಮತ್ತೆ ಮತ್ತೆ ಮುಂದುವರಿಸುತ್ತ ಬಂತು. ಹೀಗೆ ನಿಮಗೆ ಬುಡದಿಂದ ಗೊತ್ತಿರುವ ಸರಕಿನ ದರ ನಿಮ್ಮ ಮೊಬೈಲಿನಲ್ಲಿ ಇಲ್ಲ, ಮೊಬೈಲಿನಲ್ಲಿರುವ ಸರಕಿನ ಬುಡ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ ಜಾಗವನ್ನು ತುಂಬಲು ಇಂಡಿಕೇಟರನ್ನು ಒಂದರ ಮೇಲೊಂದು ಪೇರಿಸುತ್ತಿದ್ದೀರಿ. ಅದರ ಬದಲು ಹತ್ತು ಕಂಪನಿ ಆರಿಸಿಕೊಂಡು, ಅವು ಏನು ಮಾಡುತ್ತವೆ, ಅವುಗಳ ಲಾಭ ಯಾವುದರಿಂದ ಏರುತ್ತದೆ ಎಂದು ಓದಿ, ಆ ಹತ್ತರಲ್ಲಿ ಮಾತ್ರ ಚಾರ್ಟ್ ನೋಡಿ. ಗೊಬ್ಬರ, ಬೀಜ, ಟ್ರ್ಯಾಕ್ಟರ್, ಪಂಪ್‌ಸೆಟ್ ಕಂಪನಿಗಳಿಂದ ಶುರುಮಾಡಿದರೆ ನಿಮಗೆ ಅರ್ಧ ಪಾಠ ಆಗಲೇ ಬಂದಿರುತ್ತದೆ.

ಟೆಲಿಗ್ರಾಂ ಗುಂಪುಗಳ ಬಗ್ಗೆ ಒಂದೆರಡು ಮಾತು ಸಾಕು. ಸಲಹೆ ಮಾರುವವನಿಗೆ ಸೆಬಿ ನೋಂದಣಿ ಸಂಖ್ಯೆ ಇರಬೇಕು, ಅದನ್ನು ಸೆಬಿಯ ಪಟ್ಟಿಯಲ್ಲಿ ನೀವೇ ನೋಡಬಹುದು. ಇಲ್ಲದವನ ಸ್ಕ್ರೀನ್‌ಶಾಟಿಗೆ ಬೆಲೆಯಿಲ್ಲ. ವಾಟ್ಸಾಪಿನಲ್ಲಿ ಬಂದ ಲಿಂಕಿನಿಂದ ಆ್ಯಪ್ ಹಾಕಿಕೊಂಡು ದುಡ್ಡು ಕಟ್ಟಿ ಸಿಕ್ಕಿಬಿದ್ದವರು ನಾಚಿಕೆ ಬಿಟ್ಟು ಆ ಗಂಟೆಯಲ್ಲೇ 1930ಕ್ಕೆ ಫೋನ್ ಮಾಡಿ.

ದುಡ್ಡು ಎಲ್ಲಿಂದ ತಂದಿರಿ ಎಂಬುದನ್ನೂ ನಾನು ಕೇಳಲೇಬೇಕು. ಸೊಸೈಟಿಯ ಬೆಳೆಸಾಲ, ಗೊಬ್ಬರಕ್ಕೆಂದು ತೆಗೆದಿಟ್ಟದ್ದು, ಹೆಂಡತಿಯ ಸಂಘದ ಸಾಲ, ಅಪ್ಪನ ಚೀಟಿ ದುಡ್ಡು ಇವು ಯಾವುವೂ ಈ ಖಾತೆಗೆ ಬರಬಾರದು. ನಾಟಿಯ ಹೊತ್ತಿಗೆ ಆ ದುಡ್ಡು ಬೇಕೇ ಬೇಕು ಎಂದಿರುವಾಗ ಸ್ಟಾಪ್‌ಲಾಸ್ ಹಾಕಲು ಕೈ ಬರುವುದಿಲ್ಲ. ಹಾಕಿದ್ದನ್ನೂ ತೆಗೆದುಬಿಡುತ್ತೀರಿ, ನಷ್ಟ ಬೆಳೆಯುತ್ತದೆ. ಎರಡನೇ ಬೆಳೆಗೆ ನೀರಿಲ್ಲದ ವರ್ಷ ಕೈ ಖಾಲಿ ಇರುತ್ತದೆ, ಹೊತ್ತು ಹೋಗುವುದಿಲ್ಲ, ಆ ಒತ್ತಡ ನನಗೂ ಅರ್ಥವಾಗುತ್ತದೆ. ಅಂಥ ವರ್ಷದಲ್ಲೇ ಈ ನಿಯಮ ಬಿಗಿಯಾಗಿರಬೇಕು.

ಕೊನೆಗೆ ಎರಡು ಕೆಲಸ ಹೇಳುತ್ತೇನೆ, ಎರಡೂ ಈ ವಾರವೇ ಆಗುವಂಥವು. ಒಂದು, ನಿಮ್ಮ ಬ್ರೋಕರ್ ಆ್ಯಪಿನಲ್ಲಿ ಟ್ಯಾಕ್ಸ್ ಪಿ ಅಂಡ್ ಎಲ್ ಎಂಬ ವರದಿ ಸಿಗುತ್ತದೆ. ಏಪ್ರಿಲ್‌ನಿಂದ ಇವತ್ತಿನವರೆಗಿನದನ್ನು ಇಳಿಸಿಕೊಂಡು, ಒಟ್ಟು ಲಾಭನಷ್ಟ ಒಂದು ಕಡೆ, ಒಟ್ಟು ಚಾರ್ಜಸ್ ಒಂದು ಕಡೆ ಬರೆಯಿರಿ. ನೆನಪಿದ್ದಷ್ಟು ಟ್ರೇಡುಗಳ ಮುಂದೆ ಯಾವ ಇಂಡಿಕೇಟರ್ ನೋಡಿ ಹಾಕಿದ್ದು ಎಂದು ಗುರುತು ಮಾಡಿ. ಎರಡು, ನಷ್ಟವಾಗಿದೆ ಎಂದು ಆದಾಯ ತೆರಿಗೆಯ ರಿಟರ್ನ್ ಹಾಕದೆ ಬಿಡಬೇಡಿ. ಇಂಟ್ರಾಡೇ ನಷ್ಟವನ್ನು ಸಟ್ಟಾ ವ್ಯವಹಾರದ ನಷ್ಟವೆಂದು ಲೆಕ್ಕ ಹಿಡಿದು ಮುಂದಿನ 4 ವರ್ಷ, ಎಫ್ ಅಂಡ್ ಓ ನಷ್ಟವನ್ನು 8 ವರ್ಷ ಒಯ್ಯಬಹುದು. ಐಟಿಆರ್-3 ಅನ್ನು ಗಡುವಿನೊಳಗೆ ಸಲ್ಲಿಸಿದರೆ ಮಾತ್ರ. ಆ ಪಿ ಅಂಡ್ ಎಲ್ ಹಾಳೆ ಹಿಡಿದುಕೊಂಡು ಬಂದರೆ ಯಾವ ಭಾನುವಾರವಾದರೂ ಕೂತು ನೋಡೋಣ. ಯಾವ ಇಂಡಿಕೇಟರ್ ಉಳಿಸಿಕೊಳ್ಳಬೇಕು, ಯಾವುದನ್ನು ಕಿತ್ತುಹಾಕಬೇಕು ಎಂಬುದನ್ನು ಆ ಹಾಳೆ ನೋಡಿಯೇ ಹೇಳುತ್ತೇನೆ.

ಇಂತಿ ನಿಮ್ಮ ಹಿತ ಬಯಸುವ,
ಸಿರುಗುಪ್ಪದ ಒಬ್ಬ ಲೆಕ್ಕಪತ್ರದವ